ಟ್ರ್ಯಾಕ್ಷನ್ ಹಾಕಿ ಎಳೆದರೆ ಜಾರಿದ ಡಿಸ್ಕ್ ಒಳಗೆ ಹೋಗುತ್ತಾ?

ಪ್ರಶ್ನೆ: ಮೇಡಂ, ನನಗೆ 41 ವರ್ಷ, ತೂಕ 72 ಕೆಜಿ. ರಾಣೆಬೆನ್ನೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇದೆ. ಐದು ವಾರದ ಹಿಂದೆ ಯೂರಿಯಾ ಚೀಲ ಎತ್ತುವಾಗ ಸೊಂಟ ಹಿಡಿದುಕೊಂಡಿತು. ಎರಡು ದಿನ ಬಿಟ್ಟು ನೋವು ಎಡಗಾಲಿಗೆ ಇಳಿಯಿತು. ಪಿರ್ರೆಯಿಂದ ಮೀನಖಂಡ, ಅಲ್ಲಿಂದ ಕಿರುಬೆರಳಿನವರೆಗೆ ಎಳೆಯುತ್ತದೆ, ಜೋಮು ಹಿಡಿಯುತ್ತದೆ. ಎಂಆರ್‌ಐ ಮಾಡಿಸಿದೆ. ಎಲ್5-ಎಸ್1 ಜಾಗದಲ್ಲಿ ಡಿಸ್ಕ್ ಎಕ್ಸ್‌ಟ್ರೂಷನ್, ಎಡಗಡೆಯ ನರ ಒತ್ತಿದೆ ಎಂದು ರಿಪೋರ್ಟ್ ಬಂದಿದೆ. ಇಲ್ಲಿನ ಫಿಸಿಯೊ 15 ದಿನ ಟ್ರ್ಯಾಕ್ಷನ್ (ಬೆಲ್ಟ್ ಕಟ್ಟಿ ಸೊಂಟ ಎಳೆಯುವುದು) ಹಾಕೋಣ ಅಂದರು. ಹುಬ್ಬಳ್ಳಿಯ ಮೂಳೆ ಡಾಕ್ಟರು ಅದೆಲ್ಲ ಸುಮ್ನೆ ದುಡ್ಡು ದಂಡ ಅಂದರು. ಬೆಂಗಳೂರಿನ ಒಂದು ಕ್ಲಿನಿಕ್‌ನವರು ಕಂಪ್ಯೂಟರ್ ಮಷಿನ್‌ನಲ್ಲಿ ಡಿಕಂಪ್ರೆಷನ್ ಮಾಡುತ್ತೇವೆ, 20 ಸಿಟ್ಟಿಂಗ್‌ನಲ್ಲಿ ಡಿಸ್ಕ್ ಒಳಗೆ ಹೋಗುತ್ತದೆ, ಆಪರೇಷನ್ ಬೇಡ ಎನ್ನುತ್ತಾರೆ. ಪ್ಯಾಕೇಜ್ 45,000 ರೂ. ನಮ್ಮ ಅಪ್ಪನಿಗೆ ಹಿಂದೆ ಇದೇ ತೊಂದರೆ ಆದಾಗ ಆಸ್ಪತ್ರೆಯಲ್ಲಿ ಮೂರು ವಾರ ಮಲಗಿಸಿ ತೂಕ ಕಟ್ಟಿದ್ದರು, ಗುಣ ಆಗಿತ್ತು. ಈಗ ನಾನು ಯಾರ ಮಾತು ಕೇಳಲಿ? ಅಮ್ಮನಿಗೆ ಕತ್ತು ನೋವು ಇದೆ. ಬಾಗಿಲಿಗೆ ಸಿಕ್ಕಿಸುವ ಟ್ರ್ಯಾಕ್ಷನ್ ಕಿಟ್ ಅವರಿಗೆ ತರಿಸಬಹುದಾ?

ಉತ್ತರ: ಮೂವರೂ ಅವರವರ ಮಟ್ಟಿಗೆ ಸರಿ ಎಂದು ಬರೆದು ನಾನು ಜಾರಿಕೊಳ್ಳಬಹುದಿತ್ತು. ಹಾಗೆ ಮಾಡಲ್ಲ. ಎಳೆದು ಡಿಸ್ಕನ್ನು ಒಳಗೆ ಕಳಿಸುವ ಮಷಿನ್ ಯಾವ ಊರಲ್ಲೂ ಇಲ್ಲ. ಆ 45,000 ನಿಮ್ಮ ಹತ್ತಿರವೇ ಇರಲಿ. ಹುಬ್ಬಳ್ಳಿ ಡಾಕ್ಟರ ಮಾತಿಗೆ ಪುರಾವೆ ಜಾಸ್ತಿ ಇದೆ. ನಿಮ್ಮೂರಿನ ಫಿಸಿಯೊ ಹತ್ತಿರ ಟ್ರ್ಯಾಕ್ಷನ್ ಹಾಕಿಸಿ ನೋಡುವುದರಲ್ಲಿ ತಪ್ಪಿಲ್ಲ, ಆದರೆ 15 ದಿನಕ್ಕೆ ಮೊದಲೇ ಒಪ್ಪಿಕೊಳ್ಳಬೇಡಿ. ಮೂರು ಸಲಕ್ಕೇ ಗೊತ್ತಾಗುತ್ತದೆ. ನಾನೂ ಫಿಸಿಯೊಥೆರಪಿಸ್ಟೇ, ನನ್ನ ಕ್ಲಿನಿಕ್‌ನಲ್ಲೂ ಟ್ರ್ಯಾಕ್ಷನ್ ಟೇಬಲ್ ಇದೆ. ಹಾಗಿದ್ದೂ ಇದನ್ನು ಬರೆಯುತ್ತಿದ್ದೇನೆ.

ಇದನ್ನು ಓದುವುದನ್ನು ಇಲ್ಲಿಗೇ ನಿಲ್ಲಿಸಿ ಮೊದಲು ಒಂದು ಕೆಲಸ ಮಾಡಿ. ಗೋಡೆಗೆ ಎರಡು ಬೆರಳು ತಾಗಿಸಿ ನಿಂತು, ಬಲಗಾಲು ಎತ್ತಿ, ಎಡಗಾಲಿನ ತುದಿಬೆರಳ ಮೇಲೆ ಹತ್ತು ಸಲ ಎದ್ದು ಇಳಿಯಿರಿ. ಆಮೇಲೆ ಬಲಗಾಲಲ್ಲಿ ಅದನ್ನೇ ಮಾಡಿ. ಎಲ್5-ಎಸ್1 ಡಿಸ್ಕ್, ಅಂದರೆ ಸೊಂಟದ ಕೊನೆಯ ಮಣಿಯ ಕೆಳಗಿನ ಡಿಸ್ಕ್, ಸಾಮಾನ್ಯವಾಗಿ ಒತ್ತುವುದು ಎಸ್1 ಎಂಬ ನರವನ್ನು. ಮೀನಖಂಡದ ಶಕ್ತಿ ಹೆಚ್ಚಾಗಿ ಆ ನರದ ಕೈಯಲ್ಲೇ ಇದೆ. ನಿಮಗೆ ಕಿರುಬೆರಳಿನವರೆಗೆ ಜೋಮು ಬರುವುದೂ ಅದಕ್ಕೇ. ಬಲಗಾಲು ಸಲೀಸಾಗಿ ಎದ್ದು, ಎಡಗಾಲಿನ ಹಿಮ್ಮಡಿ ನೆಲ ಬಿಡಲು ಒದ್ದಾಡುತ್ತಿದ್ದರೆ ನರಕ್ಕೆ ನೋವಿನ ಜೊತೆ ಬಲಹೀನತೆಯೂ ಬಂದಿದೆ ಎಂದರ್ಥ. ಹಾಗಿದ್ದರೆ ಟ್ರ್ಯಾಕ್ಷನ್ ಪ್ರಶ್ನೆ ಬದಿಗಿಟ್ಟು ಈ ವಾರವೇ ಸ್ಪೈನ್ ಸರ್ಜನ್ ಅಥವಾ ನ್ಯೂರೋಸರ್ಜನ್ ಒಬ್ಬರಿಗೆ ತೋರಿಸಿ. ತೋರಿಸಿದಾಕ್ಷಣ ಆಪರೇಷನ್ ಮಾಡುತ್ತಾರೆ ಅಂತಲ್ಲ. ಬಲ ಇಳಿಯುತ್ತಿದೆಯೋ ನಿಂತಿದೆಯೋ ಎಂದು ಒಬ್ಬರು ಗಮನ ಇಟ್ಟು ನೋಡುತ್ತಿರಬೇಕು.

ಇನ್ನೊಂದಿದೆ, ಅದಕ್ಕೆ ವಾರ ಕಾಯುವ ಹಾಗೂ ಇಲ್ಲ. ಮೂತ್ರ ಬಂದರೂ ಹೋಗಲಾಗದಿದ್ದರೆ, ಅಥವಾ ಗೊತ್ತಾಗದೆ ಸೋರಿದರೆ, ಮಲದ ಮೇಲೆ ಹಿಡಿತ ತಪ್ಪಿದರೆ, ಸೈಕಲ್ ಸೀಟಿಗೆ ತಾಗುವ ಜಾಗವೆಲ್ಲ ಮರಗಟ್ಟಿದರೆ, ಎರಡೂ ಕಾಲಿಗೆ ನೋವು ಹರಡಿದರೆ, ರಾತ್ರಿ ಎರಡು ಗಂಟೆಯಾಗಿದ್ದರೂ ದೊಡ್ಡ ಆಸ್ಪತ್ರೆಗೆ ಹೊರಡಿ. ಬೆನ್ನುಹುರಿಯ ಕೆಳಗಿನ ನರಗಳ ಕಟ್ಟು ಒಟ್ಟಿಗೆ ಒತ್ತಿಹೋದಾಗ ಹೀಗಾಗುತ್ತದೆ. ಇದು ಅಪರೂಪ. ಆದರೆ ತಡವಾದರೆ ಮೂತ್ರದ ತೊಂದರೆ ಶಾಶ್ವತವಾಗಿ ಉಳಿದುಬಿಡಬಹುದು. ನಾಚಿಕೆಗೆ ಬಾಯಿ ಮುಚ್ಚಿಕೊಂಡು ಎರಡು ದಿನ ಕಳೆಯುವವರೇ ನಮ್ಮಲ್ಲಿ ಹೆಚ್ಚು. ಅದಕ್ಕೇ ಇದನ್ನು ಮೇಲೆಯೇ ಬರೆದಿದ್ದೇನೆ.

ಇವೆರಡೂ ಇಲ್ಲ ಎಂದಿಟ್ಟುಕೊಂಡು ಮುಂದೆ ಹೋಗುತ್ತೇನೆ.

ಬೆನ್ನಿನ ಮಣಿಗಳ ನಡುವೆ ಒಟ್ಟು 23 ಡಿಸ್ಕ್‌ಗಳಿವೆ. ಪ್ರತಿಯೊಂದರ ಹೊರಗಡೆ ಈರುಳ್ಳಿಯ ಹಾಗೆ ಪದರ ಪದರವಾಗಿ ಗಟ್ಟಿ ನಾರು, ಒಳಗೆ ಅಂಟಂಟಾದ ತಿರುಳು. ಮೇಲಿನ ಮಣಿಗೂ ಕೆಳಗಿನ ಮಣಿಗೂ ಡಿಸ್ಕ್ ಬಿಗಿಯಾಗಿ ಅಂಟಿಕೊಂಡೇ ಇರುತ್ತದೆ, ಇಡಿಯಾಗಿ ಜಾಗ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ನಾರಿನ ಪದರ ವರ್ಷಗಟ್ಟಲೆ ಸವೆದು, ಸಣ್ಣ ಸಣ್ಣದಾಗಿ ಬಿರುಕು ಬಿಟ್ಟು, ಒಂದು ದಿನ ಒಳಗಿನ ತಿರುಳು ಆ ಬಿರುಕಿನಿಂದ ಹಿಂದಕ್ಕೆ ತಳ್ಳಿಕೊಂಡು ಬರುತ್ತದೆ. ನಿಮ್ಮ ಯೂರಿಯಾ ಚೀಲ ಕೊನೆಯ ನೆಪ ಅಷ್ಟೇ. ಸೊಂಟದ ಡಿಸ್ಕ್ ತೊಂದರೆಗಳಲ್ಲಿ ಬಹುಪಾಲು ಕೆಳಗಿನ ಎರಡು ಜಾಗಗಳಲ್ಲೇ ಆಗುತ್ತವೆ: ಎಲ್4-ಎಲ್5, ಇಲ್ಲವೇ ನಿಮ್ಮದೇ ಜಾಗವಾದ ಎಲ್5-ಎಸ್1.

ರಿಪೋರ್ಟಿನಲ್ಲಿ ಬಲ್ಜ್ ಎಂದಿದ್ದರೆ ಡಿಸ್ಕ್ ಸುತ್ತಲೂ ಸ್ವಲ್ಪ ಉಬ್ಬಿದೆ ಎಂದು. ಪ್ರೊಟ್ರೂಷನ್ ಎಂದರೆ ಒಂದು ಕಡೆ ಮುಂಚಾಚಿದೆ. ಎಕ್ಸ್‌ಟ್ರೂಷನ್ ಎಂದರೆ ತಿರುಳು ನಾರನ್ನು ದಾಟಿ ಹೊರಗೇ ಬಂದಿದೆ. ತುಂಡಾಗಿ ಕಳಚಿ ಬಿದ್ದಿದ್ದರೆ ಸೀಕ್ವೆಸ್ಟ್ರೇಷನ್. ಕೇಳಲು ಒಂದಕ್ಕಿಂತ ಒಂದು ಭಯಂಕರ, ಅಲ್ವಾ? ಆದರೆ ಗುಣವಾಗುವ ಲೆಕ್ಕ ಇದಕ್ಕೆ ಉಲ್ಟಾ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಕಾಲಿನ ಈ ಸೆಳೆತಕ್ಕೆ ಡಿಸ್ಕ್ ಕಾರಣ ಎಂದು ವೈದ್ಯರಿಗೇ ಸ್ಪಷ್ಟವಾಗಿ ಗೊತ್ತಾಗಿದ್ದು 1934ರಲ್ಲಿ. ಬೋಸ್ಟನ್‌ನ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಇಬ್ಬರು ಸರ್ಜನ್‌ಗಳು ಆಪರೇಷನ್ ಮಾಡಿ ನೋಡಿ ಬರೆದರು. ನರಕ್ಕೆ ಒತ್ತಡ ಬೀಳುವುದು ಕಥೆಯ ಅರ್ಧ ಮಾತ್ರ ಎಂದು ಆಮೇಲೆ ತಿಳಿಯಿತು. ಹೊರಬಂದ ತಿರುಳಿನಿಂದ ಸುತ್ತಲಿನ ಜಾಗ ಕೆರಳುತ್ತದೆ, ನರ ಊದಿಕೊಳ್ಳುತ್ತದೆ. ಮೊದಲ ವಾರಗಳಲ್ಲಿ ನಿದ್ದೆ ಕೆಡಿಸುವ ಉರಿ, ಸೆಳೆತ ಹೆಚ್ಚಾಗಿ ಈ ಊತದ್ದು. ಊತ ಇಳಿದಾಗ, ಡಿಸ್ಕ್ ಅಲ್ಲೇ ಇದ್ದರೂ ನೋವು ಇಳಿಯುತ್ತದೆ. ಬರೀ ಎಳೆಯುವುದರಿಂದ ಈ ಅರ್ಧಕ್ಕೆ ಏನೂ ಮಾಡಲಾಗುವುದಿಲ್ಲ.

ಈಗ ಟ್ರ್ಯಾಕ್ಷನ್ ಟೇಬಲ್ ಹತ್ತಿರ ಬರೋಣ. ಅಂಗಾತ ಮಲಗಿಸುತ್ತಾರೆ. ಪಕ್ಕೆಲುಬಿನ ಕೆಳಭಾಗಕ್ಕೆ ಒಂದು ಬೆಲ್ಟ್, ಸೊಂಟದ ಮೂಳೆಗೆ ಕಚ್ಚುವ ಹಾಗೆ ಇನ್ನೊಂದು. ಮೀನಖಂಡದ ಕೆಳಗೆ ಸ್ಟೂಲ್ ಇಟ್ಟು ಸೊಂಟ, ಮಂಡಿ ಎರಡೂ ಮಡಚುವ ಹಾಗೆ ಮಾಡುತ್ತಾರೆ. ಮೇಲಿನ ಬೆಲ್ಟನ್ನು ತಲೆಕಡೆ ಕಟ್ಟಿ, ಕೆಳಗಿನದನ್ನು ಮಷಿನ್‌ನ ಹಗ್ಗಕ್ಕೆ ಸಿಕ್ಕಿಸುತ್ತಾರೆ. ಒಳ್ಳೆಯ ಟೇಬಲ್ ಆದರೆ ಸೊಂಟದ ಕೆಳಗಿನ ಅರ್ಧ ಚಕ್ರದ ಮೇಲೆ ಜರುಗುತ್ತದೆ. ನಿಮ್ಮ ಕೈಗೆ ಒಂದು ಸ್ವಿಚ್ ಕೊಡುತ್ತಾರೆ, ಒತ್ತಿದರೆ ಎಳೆತ ತಕ್ಷಣ ಬಿಡಬೇಕು. ಅರ್ಧ ನಿಮಿಷ ಎಳೆದು, ಸ್ವಲ್ಪ ಸಡಿಲ ಬಿಟ್ಟು, ಮತ್ತೆ ಎಳೆಯುತ್ತದೆ. ಹೀಗೆ ಹದಿನೈದು ಇಪ್ಪತ್ತು ನಿಮಿಷ. ಬೆಲ್ಟ್ ಬಟ್ಟೆಯ ಮೇಲೆ ಜಾರುತ್ತಾ ಬಂದರೆ ನಿಮ್ಮ ಪಕ್ಕೆಗೆ ಉಜ್ಜಿದ್ದೇ ಲಾಭ. ಬೆಲ್ಟ್ ಸರಿಯಾಗಿ ಕಟ್ಟುವುದರಲ್ಲೇ ಅರ್ಧ ಕೆಲಸ ಇದೆ, ಬಹಳ ಕಡೆ ಅದನ್ನು ಅವಸರದಲ್ಲಿ ಮಾಡುತ್ತಾರೆ.

ಸರಿಯಾದ ಭಾರದಲ್ಲಿ ಎಳೆದಾಗ ಮಣಿಗಳ ನಡುವಿನ ಜಾಗ ಒಂದೆರಡು ಮಿಲಿಮೀಟರ್ ಅಗಲವಾಗಬಹುದು. ನರ ಹೊರಬರುವ ಕಿಂಡಿ ಸ್ವಲ್ಪ ತೆರೆದುಕೊಳ್ಳುತ್ತದೆ. ಬಿಗಿದ ಸ್ನಾಯು ಸಡಿಲ ಬಿಡುತ್ತದೆ. ಟೇಬಲ್ ಮೇಲಿರುವಷ್ಟು ಹೊತ್ತು ಹಾಯೆನಿಸುವುದು ಸುಳ್ಳಲ್ಲ. ಎದ್ದು ನಿಂತ ಕೂಡಲೇ ಮೈಭಾರ ಮತ್ತೆ ಅದೇ ಡಿಸ್ಕ್ ಮೇಲೆ ಬೀಳುತ್ತದೆ. ಚಪ್ಪಲಿ ಹಾಕಿಕೊಳ್ಳಲು ಬಗ್ಗಿದರಂತೂ ಇನ್ನೂ ಜಾಸ್ತಿ.

ನಿಮ್ಮ ಅಪ್ಪನ ಕಥೆಗೆ ಬರೋಣ. ಆಗ ಆಸ್ಪತ್ರೆಗಳಲ್ಲಿ ಸೊಂಟಕ್ಕೆ ಪಟ್ಟಿ ಕಟ್ಟಿ, ಮಂಚದ ಕಾಲ್ದೆಸೆಯಲ್ಲಿ ರಾಟೆಯಿಂದ ಐದೋ ಎಂಟೋ ಕೆಜಿ ತೂಕ ಇಳಿಬಿಡುತ್ತಿದ್ದರು. ರೋಗಿ ಕೆಳಗೆ ಜಾರದಿರಲಿ ಎಂದು ಮಂಚದ ಕಾಲ್ದೆಸೆಯನ್ನು ಎತ್ತರಿಸುತ್ತಿದ್ದರು. ಒಂದು ಲೆಕ್ಕ ಹಾಕಿ. ನಿಮ್ಮ ತೂಕ 72 ಕೆಜಿ. ಸೊಂಟದಿಂದ ಕೆಳಗಿನ ಭಾಗ ಸುಮಾರು ಅರ್ಧ, ಅಂದರೆ 36 ಕೆಜಿ. ಅಷ್ಟು ಭಾರ ಹಾಸಿಗೆಯ ಮೇಲೆ ಕೂತಿರುವಾಗ ಅದನ್ನು ಜರುಗಿಸಲಿಕ್ಕೇ ಅದರ ಅರ್ಧದಷ್ಟು, ಸುಮಾರು 18 ಕೆಜಿ ಎಳೆತ ಬೇಕು. ಮೈತೂಕದ ಕಾಲು ಭಾಗ. ಅದಕ್ಕಿಂತ ಕಡಿಮೆ ಎಳೆದರೆ ಆ ಎಳೆತವೆಲ್ಲ ಹಾಸಿಗೆಯ ಉಜ್ಜುವಿಕೆಯಲ್ಲೇ ಮುಗಿದುಹೋಗುತ್ತದೆ, ಡಿಸ್ಕ್‌ವರೆಗೆ ತಲುಪುವುದೇ ಇಲ್ಲ. ಕೆಳಗಿನ ಅರ್ಧ ಜರುಗುವ ಟೇಬಲ್ ಬಂದಿದ್ದೇ ಈ ತೊಡಕು ತಪ್ಪಿಸಲಿಕ್ಕೆ. ಅಂಥ ಟೇಬಲ್‌ನಲ್ಲೂ ಮೈತೂಕದ ಕಾಲು ಭಾಗದಿಂದ ಅರ್ಧದವರೆಗೆ ಹಾಕುತ್ತೇವೆ.

ಹಾಗಾದರೆ ಎಂಟು ಕೆಜಿ ತೂಕ ಏನು ಮಾಡುತ್ತಿತ್ತು? ರೋಗಿಯನ್ನು ಹಾಸಿಗೆಯಲ್ಲೇ ಹಿಡಿದಿಡುತ್ತಿತ್ತು. ಎದ್ದು ಓಡಾಡದಂತೆ ನೋಡಿಕೊಳ್ಳಲು ಒಳ್ಳೆಯ ಉಪಾಯ! ವಾರಗಟ್ಟಲೆ ಮಲಗಿದರೆ ಒಳ್ಳೆಯದು ಎಂದು ಆಗ ಎಲ್ಲರೂ ನಂಬಿದ್ದರು. ಈಗ ನಂಬುವುದಿಲ್ಲ. ಮಲಗಿದ್ದಷ್ಟೂ ಸ್ನಾಯು ಸೊರಗುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ, ಮನಸ್ಸಿಗೂ ಕಾಯಿಲೆ ಹಿಡಿಯುತ್ತದೆ. ತಡೆಯಲಾಗದ ನೋವಿದ್ದರೆ ಒಂದೆರಡು ದಿನ ಮಲಗಿ, ಅದಕ್ಕಿಂತ ಹೆಚ್ಚು ಬೇಡ.

ಅಪ್ಪ ಗುಣವಾದದ್ದು ನಿಜ. ಅದಕ್ಕೆ ಕಾರಣ ಬಹುಶಃ ಆ ಮೂರು ವಾರ ಮತ್ತು ಅದರ ಹಿಂದೆ ಮುಂದೆ ಕಳೆದ ವಾರಗಳು. ಹೊರಬಂದ ತಿರುಳನ್ನು ದೇಹ ಪರಕೀಯ ವಸ್ತು ಎಂದು ಗುರುತಿಸುತ್ತದೆ. ಅಲ್ಲಿಗೆ ಹೊಸ ರಕ್ತನಾಳಗಳು ಬೆಳೆಯುತ್ತವೆ, ಬಿಳಿರಕ್ತಕಣಗಳು ಬಂದು ನಿಧಾನವಾಗಿ ಅದನ್ನು ತಿಂದು ಕರಗಿಸುತ್ತವೆ. ಹಲವು ಅಧ್ಯಯನಗಳನ್ನು ಒಟ್ಟುಹಾಕಿ 2015ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ: ಆಪರೇಷನ್ ಇಲ್ಲದೆ ತಾನಾಗಿ ಕುಗ್ಗಿದ್ದು, ಬಲ್ಜ್‌ಗಳಲ್ಲಿ 13%, ಪ್ರೊಟ್ರೂಷನ್‌ನಲ್ಲಿ 41%, ಎಕ್ಸ್‌ಟ್ರೂಷನ್‌ನಲ್ಲಿ 70%, ತುಂಡಾಗಿ ಕಳಚಿದ್ದರಲ್ಲಿ 96%. ಹೆಚ್ಚು ಹೊರಬಂದಷ್ಟೂ ಹೆಚ್ಚು ಕರಗುತ್ತದೆ. ಒಳಗೇ ಇರುವ ಉಬ್ಬು ರಕ್ತದ ಕೈಗೆ ಸಿಗುವುದಿಲ್ಲ. ಹೊರಗೆ ಬಂದದ್ದು ಸಿಗುತ್ತದೆ. ರಿಪೋರ್ಟ್‌ನಲ್ಲಿ ಎಕ್ಸ್‌ಟ್ರೂಷನ್ ಎಂದು ನೋಡಿ ನೀವು ಹೆದರಿದ್ದೀರಿ. ನಾನು ನೋಡಿದರೆ, ಬಲ ಸರಿಯಿರುವವರೆಗೆ, ಅದರಲ್ಲೊಂದು ಒಳ್ಳೆಯ ಸುದ್ದಿಯೂ ಕಾಣುತ್ತದೆ.

ಇಲ್ಲೇ ಮೋಸಕ್ಕೂ ಜಾಗ ಇದೆ. ಡಿಸ್ಕ್ ಒಳಗೆ ಹೋಯಿತು ಎಂದು ತೋರಿಸುವ ಎಂಆರ್‌ಐ ಚಿತ್ರಗಳ ಜಾಹೀರಾತನ್ನು ನೀವು ನೋಡಿರುತ್ತೀರಿ. ಎಡಗಡೆ ಚಿಕಿತ್ಸೆಗೆ ಮೊದಲು, ಬಲಗಡೆ ಆರು ತಿಂಗಳ ನಂತರ. ಚಿತ್ರ ಸುಳ್ಳಿರಲಿಕ್ಕಿಲ್ಲ. ಆದರೆ ಆ ಆರು ತಿಂಗಳು ಮನೆಯಲ್ಲಿ ಸುಮ್ನೆ ಇದ್ದ ಎಷ್ಟೋ ಜನರ ಚಿತ್ರವೂ ಹಾಗೇ ಬದಲಾಗಿರುತ್ತದೆ. ಕಂಪ್ಯೂಟರ್ ಡಿಕಂಪ್ರೆಷನ್ ಎಂದರೆ ಮೂಲದಲ್ಲಿ ಮೋಟಾರ್ ಇರುವ ಟ್ರ್ಯಾಕ್ಷನ್ನೇ. ಎಳೆತವನ್ನು ಮೆಲ್ಲಗೆ ಏರಿಸಿ ಇಳಿಸುತ್ತದೆ, ಕೋನ ಬದಲಿಸುತ್ತದೆ, ಪರದೆಯ ಮೇಲೆ ಗ್ರಾಫ್ ತೋರಿಸುತ್ತದೆ. ಮೈಗೆ ಹಿತವಾಗಿರಬಹುದು. ಸಾಧಾರಣ ಟೇಬಲ್‌ಗಿಂತ ಹತ್ತು ಪಟ್ಟು ಹಣ ಕೊಡುವಷ್ಟು ಹೆಚ್ಚಿನ ಗುಣ ಅದರಲ್ಲಿದೆ ಎನ್ನಲು ಗಟ್ಟಿ ಪುರಾವೆ ಇಲ್ಲ. 20 ಸಿಟ್ಟಿಂಗ್ ಎಂದರೆ ನಾಲ್ಕರಿಂದ ಆರು ವಾರ. ನೀವು ಈಗಾಗಲೇ ಐದು ವಾರ ದಾಟಿದ್ದೀರಿ. ಆ ಪ್ಯಾಕೇಜ್ ಮುಗಿಯುವ ಹೊತ್ತಿಗೆ ಒಂಬತ್ತರಿಂದ ಹನ್ನೊಂದು ವಾರ ಆಗಿರುತ್ತದೆ. ಏನೂ ಮಾಡದಿದ್ದರೂ ಹೆಚ್ಚಿನವರ ನೋವು ಇಳಿಯುವ ಸಮಯ ಅದೇ.

ಎಳೆದು ತೋರಿಸಿ ಜನರನ್ನು ಬೆರಗಾಗಿಸುವುದು ಇವತ್ತಿನದಲ್ಲ. ಸುಮಾರು 2,400 ವರ್ಷದ ಹಿಂದೆ ಗ್ರೀಸ್‌ನ ವೈದ್ಯ ಹಿಪೊಕ್ರೆಟಿಸ್ ಬೆನ್ನು ಎಳೆಯಲು ಮರದ ಹಲಗೆ ಬಳಸುತ್ತಿದ್ದ, ಎರಡೂ ತುದಿಗೆ ಹಗ್ಗ ಸುತ್ತಿ ತಿರುಗಿಸುವ ದಿಂಡು. ಅವನ ಕಾಲದಲ್ಲೇ ಇನ್ನು ಕೆಲವರು ಗೂನುಬೆನ್ನಿನವರನ್ನು ಏಣಿಗೆ ಕಟ್ಟಿ, ಮೇಲಿಂದ ಇಳಿಬಿಟ್ಟು ಕುಲುಕುತ್ತಿದ್ದರು. ನೋಡಲು ಜನ ಸೇರುತ್ತಿದ್ದರು. ಇಂಥದ್ದು ಮಾಡಲು ನನಗೇ ನಾಚಿಕೆ, ಇದು ಢೋಂಗಿಗಳಿಗೆ ಒಪ್ಪುವ ವಿದ್ಯೆ ಎಂಬರ್ಥದಲ್ಲಿ ಅವನೇ ಬರೆದಿದ್ದಾನೆ. ಇಪ್ಪತ್ತನೇ ಶತಮಾನದಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ವೈದ್ಯ ಜೇಮ್ಸ್ ಸಿರಿಯಾಕ್ಸ್ ಡಿಸ್ಕ್‌ಗೆ ಟ್ರ್ಯಾಕ್ಷನ್ ಹಾಕುವುದನ್ನು ಜನಪ್ರಿಯ ಮಾಡಿದರು. ನಮ್ಮ ಪಠ್ಯಪುಸ್ತಕಗಳಿಗೂ ಕ್ಲಿನಿಕ್‌ಗಳಿಗೂ ಅದು ಬಂದು ನೆಲೆಸಿತು. ಐಎಫ್‌ಟಿ (ನೋವಿನ ಜಾಗಕ್ಕೆ ಕೊಡುವ ಹಗುರ ಕರೆಂಟ್), ಶಾಖ, ಟ್ರ್ಯಾಕ್ಷನ್ ಎಂಬ ಮೂರರ ಜೋಡಣೆ ಇವತ್ತಿಗೂ ಎಷ್ಟೋ ಕಡೆ ಯಾರು ಬಂದರೂ ಒಂದೇ ಚೀಟಿಯಲ್ಲಿ ಬರೆದುಕೊಡುವಂಥದ್ದು.

ಪುರಾವೆ ಏನು ಹೇಳುತ್ತದೆ? ಚಿಕಿತ್ಸೆಗಳ ಪುರಾವೆಯನ್ನು ಒಟ್ಟುಹಾಕಿ ತೂಗುವ ಕಾಕ್ರೇನ್ ಸಂಸ್ಥೆಯ 2013ರ ವಿಮರ್ಶೆ 32 ಪ್ರಯೋಗಗಳನ್ನು, ಒಟ್ಟು 2,762 ಜನರನ್ನು ಒಟ್ಟಿಗೆ ನೋಡಿತು. ಸೊಂಟ ನೋವಿಗೆ, ಕಾಲಿಗೆ ಇಳಿದಿದ್ದರೂ ಇಳಿಯದಿದ್ದರೂ, ಟ್ರ್ಯಾಕ್ಷನ್‌ನಿಂದ ನೋವಿನಲ್ಲಾಗಲಿ ಓಡಾಟದಲ್ಲಾಗಲಿ ಕೆಲಸಕ್ಕೆ ಮರಳುವುದರಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2016ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ, ಸೊಂಟ ನೋವು ಮತ್ತು ಸಯಾಟಿಕಾಗೆ (ನಿಮ್ಮ ಹಾಗೆ ಕಾಲಿಗೆ ಇಳಿಯುವ ನರದ ನೋವು) ಟ್ರ್ಯಾಕ್ಷನ್ ಕೊಡಬೇಡಿ ಎಂದೇ ಮಾರ್ಗಸೂಚಿಯಲ್ಲಿ ಬರೆಯಿತು. ಹುಬ್ಬಳ್ಳಿ ಡಾಕ್ಟರ ಮಾತಿನ ಹಿಂದೆ ಇಂಥವೇ ಇವೆ.

ನಮ್ಮ ಫಿಸಿಯೊಥೆರಪಿಯವರು ಇದಕ್ಕೊಂದು ಮರುಮಾತು ಹೇಳುತ್ತಾರೆ. ಎಲ್ಲ ಸೊಂಟ ನೋವನ್ನೂ ಒಂದೇ ಚೀಲಕ್ಕೆ ತುಂಬಿ ನೋಡಿದರೆ ಹಾಗೇ ಕಾಣುತ್ತದೆ, ಸರಿಯಾದ ರೋಗಿಗೆ ಹಾಕಿದರೆ ಕೆಲಸ ಮಾಡುತ್ತದೆ ಎಂದು. ಮಾತಿನಲ್ಲಿ ತೂಕ ಇದೆ. 2007ರಲ್ಲಿ ಅಮೆರಿಕದಲ್ಲಿ 64 ಜನರ ಒಂದು ಪ್ರಯೋಗದಲ್ಲಿ ನರ ಒತ್ತಿದವರಿಗೆ ವ್ಯಾಯಾಮದ ಜೊತೆ ಟ್ರ್ಯಾಕ್ಷನ್ ಕೊಟ್ಟರು. ಎರಡನೇ ವಾರದಲ್ಲಿ ಟ್ರ್ಯಾಕ್ಷನ್ ಗುಂಪು ಮುಂದಿತ್ತು. ಆರನೇ ವಾರಕ್ಕೆ ಎರಡೂ ಗುಂಪು ಸರಿಸಮ. ಹಿಂದಕ್ಕೆ ಬಾಗಿದಾಗ ನೋವು ಕಾಲಿಗೆ ಇಳಿಯುವವರಿಗೆ, ನೋವಿಲ್ಲದ ಕಾಲು ಎತ್ತಿದರೂ ನೋವಿನ ಕಾಲಿಗೆ ಸೆಳೆತ ಬರುವವರಿಗೆ ಹೆಚ್ಚು ಉಪಯೋಗ ಆದಂತೆ ಕಂಡಿತು. ಸರಿ, ಇದನ್ನೇ ದೊಡ್ಡದಾಗಿ ಪರೀಕ್ಷೆ ಮಾಡೋಣ ಎಂದು ನರ ಒತ್ತಿದ 120 ಜನರನ್ನು ತೆಗೆದುಕೊಂಡು, ಅವರಲ್ಲಿ ಅಂಥ ಲಕ್ಷಣ ಇದ್ದವರನ್ನು ಬೇರೆ ಗುರುತಿಸಿದರು. 2016ರಲ್ಲಿ ಫಲಿತಾಂಶ ಬಂತು. ವ್ಯಾಯಾಮ ಮಾತ್ರ ಮಾಡಿದವರಿಗೂ ಟ್ರ್ಯಾಕ್ಷನ್ ಸೇರಿಸಿದವರಿಗೂ ವ್ಯತ್ಯಾಸ ಇರಲಿಲ್ಲ, ಆ ಲಕ್ಷಣ ಇದ್ದವರಲ್ಲೂ ಇರಲಿಲ್ಲ. ಅಲ್ಲಿಗೆ ನನ್ನ ಮಟ್ಟಿಗೆ ಲೆಕ್ಕ ಮುಗಿಯಿತು. ಕೆಲವರಿಗೆ ಕೆಲವು ಗಂಟೆ, ಹೆಚ್ಚೆಂದರೆ ಮೊದಲ ಒಂದೆರಡು ವಾರ ನೋವು ತಗ್ಗಿಸಲು ಇದೊಂದು ನೆರವು. ಅದಕ್ಕಿಂತ ದೊಡ್ಡ ಮಾತು ಯಾರು ಹೇಳಿದರೂ ನಾನು ನಂಬಲ್ಲ.

ಇನ್ನೊಂದು ವಿಚಿತ್ರ ಸಂಗತಿ. ಗಗನಯಾತ್ರಿಗಳ ಬೆನ್ನಿನ ಮೇಲೆ ತಿಂಗಳುಗಟ್ಟಲೆ ಭಾರವೇ ಬೀಳುವುದಿಲ್ಲ. ಡಿಸ್ಕ್‌ಗಳು ನೀರು ಹೀರಿ ಉಬ್ಬುತ್ತವೆ, ಎತ್ತರ ಐದು ಸೆಂಟಿಮೀಟರ್‌ವರೆಗೆ ಹೆಚ್ಚುವುದೂ ಉಂಟು. ಡಿಸ್ಕ್‌ಗೆ ಬಿಡುವು ಸಿಕ್ಕರೆ ಸಾಕು ಎನ್ನುವುದಾದರೆ ಅವರ ಬೆನ್ನು ಭೂಮಿಯಲ್ಲೇ ಅತಿ ಗಟ್ಟಿ ಇರಬೇಕಿತ್ತು. ಆದರೆ ಅಲ್ಲಿ ಅವರಿಗೆ ಬೆನ್ನು ನೋವು ಸಾಮಾನ್ಯ. ಇಳಿದು ಬಂದ ಮೇಲೆ ಡಿಸ್ಕ್ ಹೊರಬರುವ ಪ್ರಮಾಣ ಬೇರೆಯವರಿಗಿಂತ ನಾಲ್ಕು ಪಟ್ಟು ಎಂದು ನಾಸಾದವರ ಲೆಕ್ಕ. ನಿಮ್ಮದಕ್ಕೂ ಅದಕ್ಕೂ ನೇರ ಸಂಬಂಧ ಕಲ್ಪಿಸಲಾಗದು, ಒಪ್ಪುತ್ತೇನೆ. ಭಾರ ಇಳಿಸಿದ ಮಾತ್ರಕ್ಕೆ ಡಿಸ್ಕ್ ಗಟ್ಟಿಯಾಗುವುದಿಲ್ಲ ಎಂಬಷ್ಟಕ್ಕೆ ಸಾಕು.

ಆದರೂ ನಿಮ್ಮೂರಿನ ಫಿಸಿಯೊ ಹತ್ತಿರ ಹಾಕಿಸಿ ನೋಡುತ್ತೀರಾದರೆ ಹೀಗೆ ನೋಡಿ. ಹೋಗುವ ಮೊದಲು ನೋವು ಎಲ್ಲಿಯವರೆಗೆ ಇಳಿಯುತ್ತದೆ ಎಂದು ಗುರುತು ಇಟ್ಟುಕೊಳ್ಳಿ. ಎದ್ದ ಮೇಲೆ ಕಿರುಬೆರಳಿನ ನೋವು ಹಿಮ್ಮೆಟ್ಟಿ ಮೀನಖಂಡಕ್ಕೆ ಬಂತಾ, ಅಲ್ಲಿಂದ ತೊಡೆಗೆ ಬಂತಾ? ಸೊಂಟದಲ್ಲಿ ಸ್ವಲ್ಪ ಹೆಚ್ಚಿದರೂ ಚಿಂತೆಯಿಲ್ಲ, ಕಾಲಿನ ನೋವು ಮೇಲಕ್ಕೆ ಸರಿಯುತ್ತಿದ್ದರೆ ಅದು ಒಳ್ಳೆಯ ಲಕ್ಷಣ. ತೊಡೆಯಲ್ಲಿದ್ದದ್ದು ಪಾದಕ್ಕೆ ಇಳಿದರೆ, ಎಳೆತ ಬಿಟ್ಟ ಕೂಡಲೇ ಜೋರಾಗಿ ಹಿಡಿದುಕೊಂಡರೆ, ಅವತ್ತಿಗೇ ನಿಲ್ಲಿಸಿ. ನಾಳೆ ಇನ್ನೂ ಐದು ಕೆಜಿ ಏರಿಸೋಣ ಎಂದರೆ ಒಪ್ಪಬೇಡಿ. ಮುಗಿದ ತಕ್ಷಣ ಧಡಕ್ಕನೆ ಏಳಬೇಡಿ. ಐದು ನಿಮಿಷ ಹಾಗೇ ಮಲಗಿ, ಮಗ್ಗುಲಾಗಿ, ಕೈ ಊರಿ ಏಳಿ. ಆ ಒಂದೆರಡು ಗಂಟೆ ನೋವು ತಗ್ಗಿರುತ್ತದಲ್ಲ, ಅದರಲ್ಲಿ ನಡೆಯಿರಿ, ಫಿಸಿಯೊ ಹೇಳಿಕೊಟ್ಟ ವ್ಯಾಯಾಮ ಮಾಡಿ. ಟ್ರ್ಯಾಕ್ಷನ್ ಮುಗಿಸಿ ಬೈಕ್ ಹತ್ತಿ ಹಂಪ್‌ಗಳ ಮೇಲೆ ಮನೆಗೆ ಹೋಗಿ ಮಲಗುವುದಾದರೆ ಹಾಕಿಸಿಕೊಂಡೂ ಒಂದೇ, ಬಿಟ್ಟೂ ಒಂದೇ. ಮೂರು ಸಲದಲ್ಲಿ ಕಾಲಿನ ನೋವು ಒಂದಿಷ್ಟೂ ಮೇಲೆ ಸರಿಯದಿದ್ದರೆ ನಾಲ್ಕನೆಯದು ಬೇಡ.

ಕೆಲವರಿಗೆ ಟ್ರ್ಯಾಕ್ಷನ್ ಹಾಕಲೇಬಾರದು. ಮೂಳೆ ಸವೆದು ಟೊಳ್ಳಾದವರು, ಬೆನ್ನುಮೂಳೆ ಮುರಿದವರು, ಮಣಿ ಮುಂದಕ್ಕೆ ಜಾರಿ ಅಲುಗಾಡುತ್ತಿರುವವರು, ಗರ್ಭಿಣಿಯರು, ಹಿಂದೆ ಕ್ಯಾನ್ಸರ್ ಆಗಿದ್ದವರು, ಹೊಟ್ಟೆಯ ಮಹಾಧಮನಿ ಊದಿಕೊಂಡವರು. ಹರ್ನಿಯಾ ಇದ್ದವರಿಗೆ, ಉಸಿರಾಟದ ತೊಂದರೆ ಇದ್ದವರಿಗೆ ಬೆಲ್ಟಿನ ಬಿಗಿಯೇ ಕಷ್ಟ. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಟಿಬಿಯನ್ನೂ ಮರೆಯಬಾರದು. ಸಂಜೆ ಹೊತ್ತು ಸಣ್ಣ ಜ್ವರ, ತೂಕ ಇಳಿಯುವುದು, ಮಲಗಿದರೂ ಕಡಿಮೆಯಾಗದ ರಾತ್ರಿ ನೋವು ಇದ್ದರೆ ಮೊದಲು ಅದನ್ನು ನೋಡಬೇಕು. ಕೊಳೆಯುತ್ತಿರುವ ಮಣಿಗೆ ಬೆಲ್ಟ್ ಕಟ್ಟಿ ಎಳೆಯುವುದನ್ನು ಯೋಚಿಸಿದರೇ ಮೈ ಜುಮ್ಮೆನ್ನುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಕೇಳಲು ಸಪ್ಪೆ. ನಡೆಯಿರಿ. ಹತ್ತು ನಿಮಿಷಕ್ಕೆ ಕಾಲು ಸೆಳೆಯುತ್ತದಾದರೆ ಏಳು ನಿಮಿಷ ನಡೆದು ನಿಲ್ಲಿಸಿ, ದಿನಕ್ಕೆ ನಾಲ್ಕೈದು ಸಲ. ಗಲ್ಲಾಪೆಟ್ಟಿಗೆ ಮುಂದೆ ಒಂದೇ ಸಮನೆ ಕೂರಬೇಡಿ, ಮುಂದಕ್ಕೆ ಬಾಗಿ ಕೂತಾಗ ಸೊಂಟದ ಡಿಸ್ಕ್ ಮೇಲೆ ಬೀಳುವ ಒತ್ತಡ ನಿಂತಾಗಿನದಕ್ಕಿಂತ ಜಾಸ್ತಿ. ರಾತ್ರಿಯಿಡೀ ಡಿಸ್ಕ್ ನೀರು ಹೀರಿ ಉಬ್ಬಿರುತ್ತದೆ. ಬೆಳಗ್ಗೆ ನಾವೆಲ್ಲ ಒಂದೆರಡು ಸೆಂಟಿಮೀಟರ್ ಹೆಚ್ಚು ಎತ್ತರ ಇರುವುದು ಅದರಿಂದಲೇ. ಆ ಮೊದಲ ಒಂದು ಗಂಟೆ ಬಗ್ಗುವ ಕೆಲಸ ಬೇಡ. ಕೆಳಗೆ ಕೂತು ಹಲ್ಲುಜ್ಜುವುದು, ಬಕೆಟ್ ಎತ್ತುವುದು, ಅಂಗಡಿ ಶಟರ್‌ನ ಬೀಗ ಬಗ್ಗಿ ತೆಗೆಯುವುದು, ಇವನ್ನು ಸ್ವಲ್ಪ ದಿನ ಬೇರೆಯವರಿಗೆ ವಹಿಸಿ. ಬಹಳ ನೋವಾದಾಗ ಅಂಗಾತ ಮಲಗಿ ಮೀನಖಂಡಗಳನ್ನು ಕುರ್ಚಿಯ ಮೇಲಿಟ್ಟುಕೊಳ್ಳಿ, ಹತ್ತು ನಿಮಿಷ ಸಾಕು. ಟ್ರ್ಯಾಕ್ಷನ್ ಟೇಬಲ್‌ನಲ್ಲಿ ಮಲಗಿಸುವ ಭಂಗಿ ಅದೇ, ಖರ್ಚಿಲ್ಲ.

ವ್ಯಾಯಾಮದಲ್ಲಿ ಒಂದನ್ನು ಎಚ್ಚರದಿಂದ ನೋಡಬಹುದು. ಹೊಟ್ಟೆ ಮೇಲೆ ಮಲಗಿ, ಮೊದಲು ಎರಡು ನಿಮಿಷ ಸುಮ್ನೆ ಇರಿ. ಆಮೇಲೆ ಮೊಣಕೈ ಊರಿ ಎದೆ ಎತ್ತಿ. ಕಾಲಿನ ನೋವು ಮೇಲಕ್ಕೆ ಸರಿದರೆ ಮುಂದುವರಿಸಿ. ಕೆಳಕ್ಕೆ ಇಳಿದರೆ ಅದು ನಿಮಗಲ್ಲ. ನ್ಯೂಜಿಲೆಂಡಿನ ಫಿಸಿಯೊಥೆರಪಿಸ್ಟ್ ರಾಬಿನ್ ಮೆಕೆಂಜಿ ಇದನ್ನು ಕಂಡದ್ದು 1956ರಲ್ಲಿ, ಆಕಸ್ಮಿಕವಾಗಿ. ಕಾಲು ನೋವಿನ ರೋಗಿಯೊಬ್ಬ ತಲೆಕಡೆ ಎತ್ತರಿಸಿದ್ದ ಟೇಬಲ್ ಮೇಲೆ ಹೊಟ್ಟೆಯಡಿ ಮಾಡಿ ಮಲಗಿಬಿಟ್ಟಿದ್ದ. ಬೆನ್ನು ಹಿಂದಕ್ಕೆ ಬಾಗಿದ್ದ ಆ ಸ್ಥಿತಿಯಲ್ಲಿ ಅವನ ಕಾಲು ನೋವು ಹೋಗಿತ್ತು. ನೋವು ಸರಿಯುವ ದಿಕ್ಕನ್ನು ನೋಡಿ ವ್ಯಾಯಾಮ ಆರಿಸುವ ಪದ್ಧತಿ ಅಲ್ಲಿಂದ ಬೆಳೆಯಿತು. ನಿಮ್ಮ ಫಿಸಿಯೊಗೆ ಇದು ಗೊತ್ತಿರುತ್ತದೆ, ಕೇಳಿ. ಟ್ರ್ಯಾಕ್ಷನ್‌ಗೆ ಕೊಡುವ ಇಪ್ಪತ್ತು ನಿಮಿಷವನ್ನು ಇದನ್ನು ಸರಿಯಾಗಿ ಕಲಿಸಲು ಕೊಡಿ ಎಂದು ಕೇಳುವ ಹಕ್ಕು ನಿಮಗಿದೆ. ನೋವಿನ ಮಾತ್ರೆಯ ವಿಷಯ ನಿಮ್ಮ ಡಾಕ್ಟರಿಗೆ ಬಿಡಿ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಿಂಗಳುಗಟ್ಟಲೆ ನುಂಗಬೇಡಿ, ಕಿಡ್ನಿಗೆ ಹೊಡೆತ.

ಆಪರೇಷನ್ ಎಂದರೆ ಭೂತ ಅಲ್ಲ. ನೆದರ್‌ಲೆಂಡ್ಸ್‌ನಲ್ಲಿ 283 ಜನರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರರಿಂದ ಹನ್ನೆರಡು ವಾರ ತೀವ್ರ ಕಾಲು ನೋವು ಇದ್ದವರಲ್ಲಿ ಅರ್ಧ ಜನರಿಗೆ ಬೇಗ ಆಪರೇಷನ್ ಮಾಡಿದರು, ಉಳಿದವರನ್ನು ಕಾಯಿಸಿದರು. ಆಪರೇಷನ್ ಆದವರು ಬೇಗ ಚೇತರಿಸಿಕೊಂಡರು. ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ 95% ಜನ ಚೇತರಿಸಿಕೊಂಡಿದ್ದರು. ಕಾದವರಲ್ಲಿ 39% ಜನ ಆ ವರ್ಷದೊಳಗೆ ತಡೆಯಲಾರದೆ ಆಪರೇಷನ್ ಮಾಡಿಸಿಕೊಂಡರು ಎನ್ನುವುದನ್ನೂ ಸೇರಿಸಿ ಓದಬೇಕು. ಹಾಗಾಗಿ ಬಲ ಸರಿಯಿದ್ದರೆ ಕಾಯಬಹುದು. ಹನ್ನೆರಡು ವಾರ ಕಳೆದರೂ ನಿದ್ದೆ ಇಲ್ಲ, ಅಂಗಡಿ ನಡೆಸಲಾಗುತ್ತಿಲ್ಲ ಎಂದರೆ ಸರ್ಜನ್ ಹತ್ತಿರ ಮಾತಾಡಿ. ಕಾಯುವುದು ಬೇಡ ಎನಿಸಿದರೂ ಅದು ಸೋಲಲ್ಲ. ನೋವು ಹೋದ ಮೇಲೆ ಖಾತರಿಗೆಂದು ಇನ್ನೊಂದು ಎಂಆರ್‌ಐ ಮಾತ್ರ ಮಾಡಿಸಬೇಡಿ. ಬೆನ್ನು ನೋವೇ ಇಲ್ಲದ 40ರ ವಯಸ್ಸಿನವರನ್ನು ಮಷಿನ್‌ನೊಳಗೆ ಮಲಗಿಸಿದರೂ ಅರ್ಧ ಜನರಿಗೆ ಡಿಸ್ಕ್ ಬಲ್ಜ್ ಕಾಣುತ್ತದೆ.

ಅಮ್ಮನ ಕತ್ತಿನ ಕಿಟ್ ತರಿಸಬೇಡಿ, ಈಗಲೇ ಬೇಡ. ಕತ್ತಿಗೆ ಟ್ರ್ಯಾಕ್ಷನ್‌ನ ಪುರಾವೆ ಸೊಂಟದಷ್ಟು ಕಳಪೆ ಅಲ್ಲ. ಕತ್ತಿನ ನರ ಒತ್ತಿ ಕೈಗೆ ನೋವು ಇಳಿದ 86 ಜನರಲ್ಲಿ ಮಾಡಿದ 2014ರ ಪ್ರಯೋಗದಲ್ಲಿ, ವ್ಯಾಯಾಮದ ಜೊತೆ ಟೇಬಲ್ ಮೇಲೆ ಮಷಿನ್ ಟ್ರ್ಯಾಕ್ಷನ್ ಪಡೆದವರು ಆರು ತಿಂಗಳ ನಂತರ ಹೆಚ್ಚು ಚೆನ್ನಾಗಿದ್ದರು. ಅದೇ ಪ್ರಯೋಗದಲ್ಲಿ ಬಾಗಿಲಿಗೆ ಸಿಕ್ಕಿಸುವ ಕಿಟ್ ಬಳಸಿದ ಗುಂಪಿಗೆ ಅಷ್ಟು ಲಾಭ ಆಗಲಿಲ್ಲ. ಅಮ್ಮನಿಗೆ ನೋವು ಕತ್ತಿನಲ್ಲೇ ಇದೆಯಾ, ಕೈಗೆ ಇಳಿಯುತ್ತದಾ ಎಂದು ನೀವು ಬರೆದಿಲ್ಲ. ಕಿಟ್‌ನ ಪಟ್ಟಿ ಗದ್ದಕ್ಕೆ ಸಿಕ್ಕಿಕೊಂಡು ದವಡೆ ಕೀಲು ನೋಯುವುದು ಮಾಮೂಲು. ಅದಕ್ಕಿಂತ ದೊಡ್ಡದು: ಸೀರೆಯ ಪಿನ್ ಹಾಕಲು, ಹೂ ಕಟ್ಟಲು ಬೆರಳು ತಡವರಿಸುತ್ತಿದ್ದರೆ, ನಡೆಯುವಾಗ ತೂರಾಡಿದಂತಾಗುತ್ತಿದ್ದರೆ ಬೆನ್ನುಹುರಿಗೇ ಒತ್ತಡ ಬಿದ್ದಿರಬಹುದು. ರುಮಟಾಯ್ಡ್ ಸಂಧಿವಾತ ಇದ್ದವರಲ್ಲಿ ಕತ್ತಿನ ಮೇಲ್ಭಾಗದ ಮಣಿಗಳು ಸಡಿಲ ಆಗಿರಬಹುದು. ಇಂಥವರ ಕತ್ತನ್ನು ಮನೆಯಲ್ಲಿ ಎಳೆಯುವುದು ಅಪಾಯ. ಒಮ್ಮೆ ಪರೀಕ್ಷೆ ಮಾಡಿಸಿ, ಆಮೇಲೆ ನೋಡೋಣ.

ಅಂಗಡಿಯ ವಿಷಯ. ಗಲ್ಲಾದಲ್ಲಿ ನಿಂತು ಕೂತು ವ್ಯಾಪಾರ ಮಾಡಲು ಈ ವಾರದಿಂದಲೇ ಹೋಗಬಹುದು, ಅರ್ಧ ದಿನದಿಂದ ಶುರು ಮಾಡಿ. ಚೀಲ ಎತ್ತುವುದನ್ನು ಹಮಾಲರಿಗೆ ಬಿಡಿ, ಕನಿಷ್ಠ ಮೂರು ತಿಂಗಳು. ಆಮೇಲೂ 45 ಕೆಜಿ ಯೂರಿಯಾ ಚೀಲಕ್ಕೆ ನೇರ ಕೈ ಹಾಕಬೇಡಿ. ಐದು ಕೆಜಿ ಬೀಜದ ಚೀಲದಿಂದ ಶುರು ಮಾಡಿ, ಎದೆಗೆ ಅವುಚಿಕೊಂಡು, ಮಂಡಿ ಮಡಚಿ ಎತ್ತಿ. ಎರಡು ವಾರ ಕಾಲಿಗೆ ಏನೂ ಇಳಿಯದಿದ್ದರೆ ಹತ್ತು ಕೆಜಿ. ಚೀಲಗಳನ್ನು ನೆಲದ ಮೇಲೆ ಪೇರಿಸುವ ಬದಲು ಮಂಡಿ ಎತ್ತರದ ಹಲಗೆಯ ಮೇಲೆ ಪೇರಿಸಿಡಲು ಹುಡುಗರಿಗೆ ಹೇಳಿ. ಅವರಿಗೂ ಸೊಂಟ ಇದೆ.